ಒಂದು ಚುಕ್ಕೆಯ ಬೆಲೆ: ಮನೆಯಲ್ಲೇ ಸ್ಕ್ರೀನ್ ಪ್ರಿಂಟ್ ಮತ್ತು ಕಾಗದದ ಕಲೆ



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನಮ್ಮ ಮನೆಮಾತು ಉರ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಪತ್ರಿಕೆಯಲ್ಲಿ ಬ್ಯಾಂಕಿಂಗ್, ಜಿಎಸ್‌ಟಿ, ಪರೀಕ್ಷಾ ತಯಾರಿ ಬಗ್ಗೆ ಲೇಖನಗಳು ಬರುತ್ತಲೇ ಇರುತ್ತವೆ. ನಾನು ಕೈಕೆಲಸದ ಒಂದು ಪಾಠ ಬರೆಯುತ್ತೇನೆ ಎಂದಾಗ ಕನ್ನಡ ಮೇಡಂ, “ಬರಿ, ಆದರೆ ಓದಿದವರು ಮನೆಗೆ ಹೋಗಿ ಮಾಡುವಂತಿರಬೇಕು” ಎಂದರು. ಹಾಗಾಗಿ ಕಳೆದ ರಜೆಯಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಮಾಡಿದ್ದನ್ನು, ಕೆಡಿಸಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಕೆಡಿಸಿದ್ದು 64 ಕಾರ್ಡು. ಕೆಟ್ಟಿದ್ದು ಒಂದೇ ಒಂದು ಚುಕ್ಕೆಯಿಂದ.

ಇದು ಶುರುವಾದದ್ದು ಹೇಗೆ?

ನಮ್ಮ ಆಪಾಳ ನಿಕಾಹ್ ನಿಶ್ಚಯವಾಗಿತ್ತು. ಹುಡುಗನ ಮನೆ ಯಲಬುರ್ಗಾ. ಬಂಧುಗಳು ಕೊಪ್ಪಳ, ಕುಷ್ಟಗಿ, ಗಂಗಾವತಿ ಮೂರೂ ಕಡೆ ಇದ್ದಾರೆ. 300 ಕಾರ್ಡು ಬೇಕಿತ್ತು. ಅಬ್ಬಾ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಅಂಗಡಿಯಲ್ಲಿ ಒಂದು ಕಾರ್ಡಿಗೆ 14 ರೂಪಾಯಿ ಹೇಳಿದಾಗ ಅವರು ಏನೂ ಮಾತಾಡದೆ ಸ್ಯಾಂಪಲ್ ವಾಪಸ್ ಇಟ್ಟು ಬಂದರು.

ನಮ್ಮ ಮಾಮು 20 ವರ್ಷ ಕೊಪ್ಪಳದಲ್ಲಿ ಲಗ್ನಪತ್ರಿಕೆ, ಕೈಚೀಲ, ಬ್ಯಾಡ್ಜು ಸ್ಕ್ರೀನ್ ಪ್ರಿಂಟ್ ಮಾಡಿಕೊಡುತ್ತಿದ್ದರು. ಈಗ ಜನ ಕಾರ್ಡಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮಾಮು ಅಂಗಡಿ ಮುಚ್ಚಿ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅವರ ಮರದ ಫ್ರೇಮುಗಳು ನಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದವು. “ಮಾಮು, ನೀವು ಹೇಳಿಕೊಟ್ಟರೆ ನಾನೇ ಮಾಡುತ್ತೇನೆ” ಎಂದೆ. ಮಾಮು ಅಬ್ಬಾನ ಮುಖ ನೋಡಿದರು. ಅಬ್ಬಾ, “ಕಲಿಯಲಿ ಬಿಡಿ” ಎಂದರು.

ಸ್ಕ್ರೀನ್ ಪ್ರಿಂಟ್ ಎಂದರೇನು?

ಇದು ನಮಗೆ ಹೊಸದೇನಲ್ಲ. ಅಂಗಳದಲ್ಲಿ ರಂಗೋಲಿ ಜರಡಿ ಇಟ್ಟು ಪುಡಿ ಹಾಕಿದರೆ ತೂತು ಇದ್ದ ಕಡೆ ಮಾತ್ರ ಪುಡಿ ಬೀಳುತ್ತದೆ. ಈದ್ ಮುಂಚಿನ ರಾತ್ರಿ ಕೈಗೆ ಅಂಟಿಸಿಕೊಳ್ಳುವ ಮೆಹಂದಿ ಅಚ್ಚು ಕೂಡ ಹೀಗೆಯೇ. ಚೀಲದ ಮೇಲೆ ಕತ್ತರಿಸಿದ ತಗಡು ಇಟ್ಟು ಬಣ್ಣ ಬಳಿದು ಹೆಸರು ಮೂಡಿಸುವುದನ್ನು ಗಂಗಾವತಿಯವರು ನೋಡಿಯೇ ಇರುತ್ತೀರಿ. ಬೇಡವಾದ ಕಡೆ ಮುಚ್ಚು, ಬೇಕಾದ ಕಡೆ ತೆರೆದಿಡು. ಇಷ್ಟೇ ತತ್ವ.

ಆದರೆ ತಗಡಿನ ಅಚ್ಚಿಗೆ ಒಂದು ಕೊರತೆ ಇದೆ. ಸೊನ್ನೆಯನ್ನು ಕತ್ತರಿಸಿ ನೋಡಿ. ಸುತ್ತಲಿನ ಗೆರೆಯನ್ನು ಕತ್ತರಿಸಿದ ಕೂಡಲೇ ನಡುವಿನ ವೃತ್ತ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಅಲ್ಲಲ್ಲಿ ಸಣ್ಣ ಪಟ್ಟಿ ಬಿಡಬೇಕು. ಅದಕ್ಕೇ ತಗಡಿನ ಅಕ್ಷರಗಳು ತುಂಡು ತುಂಡಾಗಿ ಕಾಣುತ್ತವೆ. ನಮ್ಮ ಕನ್ನಡ ಲಿಪಿಯಲ್ಲಿ ಎಷ್ಟು ಸುರುಳಿ, ಎಷ್ಟು ಸೊನ್ನೆ! ಎಲ್ಲ ಕಡೆ ಪಟ್ಟಿ ಬಿಡುತ್ತಾ ಹೋದರೆ ಓದಲು ಅಕ್ಷರವೇ ಉಳಿಯುವುದಿಲ್ಲ.

ಜಪಾನಿನಲ್ಲಿ ಬಟ್ಟೆಗೆ ಬಣ್ಣ ಹಾಕಲು ಬಳಸುವ ‘ಕಟಗಾಮಿ’ ಎಂಬ ಕಾಗದದ ಅಚ್ಚಿನಲ್ಲಿ ಇದಕ್ಕೆ ಉಪಾಯ ಮಾಡಿದ್ದರು. ಬಿಡಿ ತುಂಡುಗಳು ಬೀಳದಂತೆ ತೆಳು ರೇಷ್ಮೆ ಎಳೆಗಳನ್ನು ಅಡ್ಡಡ್ಡ ಅಂಟಿಸಿ ಹಿಡಿದಿಡುತ್ತಿದ್ದರು. ಅಚ್ಚಿನ ಪೂರ್ತಿ ಅಗಲಕ್ಕೆ ರೇಷ್ಮೆ ಬಟ್ಟೆಯನ್ನೇ ಎಳೆದು ಕಟ್ಟಿದರೆ ಅದೇ ಸ್ಕ್ರೀನ್. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಪರದೆಯ ಮುದ್ರಣಕ್ಕೆ ಪೇಟೆಂಟ್ ಪಡೆದರು. ಈಗ ರೇಷ್ಮೆಯ ಬದಲು ಪಾಲಿಯೆಸ್ಟರ್ ಅಥವಾ ನೈಲಾನ್ ಜಾಳಿಗೆ ಬಳಸುತ್ತಾರೆ. ಅಂಗಡಿಯಲ್ಲಿ ಇದಕ್ಕೆ ‘ಮೆಶ್’ ಎನ್ನುತ್ತಾರೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಎಳೆ ಎಂಬುದೇ ಅದರ ನಂಬರು. ಬಟ್ಟೆಯ ಮೇಲೆ ಹಾಕಲು 43ರಿಂದ 60, ಕಾಗದದ ಮೇಲೆ ಸಣ್ಣ ಅಕ್ಷರ ಹಾಕಲು 77ರಿಂದ 120ರವರೆಗಿನ ಮೆಶ್ ಸರಿಹೋಗುತ್ತದೆ. ನಂಬರು ಹೆಚ್ಚಾದಷ್ಟು ಜಾಳಿಗೆ ಸಣ್ಣ, ಬೀಳುವ ಬಣ್ಣ ತೆಳು, ಅಕ್ಷರ ಚೂಪು.

ಮನೆಯಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವವರಿಗೆ ಒಂದು ಮಾತು. ಜಪಾನಿನ ರಿಸೊ ಕಂಪನಿಯ ನೊಬೊರು ಹಯಾಮಾ 1977ರಲ್ಲಿ ‘ಪ್ರಿಂಟ್ ಗೊಕ್ಕೊ’ ಎಂಬ ಪುಟ್ಟ ಪೆಟ್ಟಿಗೆ ತಂದರು. ಮನೆಯವರು ಊಟದ ಮೇಜಿನ ಮೇಲೇ ಹೊಸ ವರ್ಷದ ಕಾರ್ಡು ಮುದ್ರಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್ ಪ್ರಿಂಟರ್ ಮನೆಮನೆಗೆ ಬಂದ ಮೇಲೆ ಅದಕ್ಕೆ ಬೇಡಿಕೆ ಇಳಿಯಿತು. 2008ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿದರು. ಈ ಕಥೆ ಹೇಳಿದಾಗ ಮಾಮು ನಕ್ಕು, “ಹಾಗಾದರೆ ನಾನೊಬ್ಬನೇ ಅಲ್ಲ” ಎಂದರು.

ಮೊದಲ ಪಾಠ: ಕಾಗದದ ಅಚ್ಚಿನಿಂದ ನಕ್ಷತ್ರ

ಮೊದಲ ದಿನವೇ ಅಕ್ಷರಕ್ಕೆ ಕೈ ಹಾಕಬೇಡಿ. ನಾನು ಎಂಟು ಮೂಲೆಯ ನಕ್ಷತ್ರದಿಂದ ಶುರು ಮಾಡಿದೆ. ದರ್ಗಾ, ಮಸೀದಿಗಳ ಜಾಲಂಧ್ರಗಳಲ್ಲಿ ಕಾಣುವ ನಕ್ಷತ್ರ ಅದು. ಒಂದು ಚೌಕ ಬರೆಯಿರಿ. ಅದೇ ಅಳತೆಯ ಇನ್ನೊಂದು ಚೌಕವನ್ನು ಅದೇ ನಡುಬಿಂದುವಿನ ಮೇಲೆ 45 ಡಿಗ್ರಿ ತಿರುಗಿಸಿ ಬರೆಯಿರಿ. ಹೊರಗೆರೆಯನ್ನು ಮಾತ್ರ ಉಳಿಸಿಕೊಂಡರೆ ನಕ್ಷತ್ರ ಸಿದ್ಧ.

ಬೇಕಾಗುವ ಸಾಮಾನು: ಮೆಶ್ ಬಿಗಿದ ಮರದ ಫ್ರೇಮ್, ರಬ್ಬರ್ ಪಟ್ಟಿ ಕೂಡಿಸಿದ ಮರದ ಹಿಡಿ (ಇದಕ್ಕೆ ಸ್ಕ್ವೀಜಿ ಎನ್ನುತ್ತಾರೆ), ಬಟರ್ ಪೇಪರ್, ಕತ್ತರಿ, ಅಗಲದ ಅಂಟುಪಟ್ಟಿ, ನೀರಿನಲ್ಲಿ ತೊಳೆದು ಹೋಗುವ ಮುದ್ರಣದ ಬಣ್ಣ, ಹಳೆಯ ಅರಿವೆ.

1. ಬಟರ್ ಪೇಪರಿನಲ್ಲಿ ನಕ್ಷತ್ರ ಕತ್ತರಿಸಿ ತೆಗೆಯಿರಿ. ತೂತು ಬಿದ್ದ ಹಾಳೆಯೇ ನಮ್ಮ ಅಚ್ಚು.

2. ಮೇಜಿನ ಮೇಲೆ ಮುದ್ರಿಸಬೇಕಾದ ಕಾಗದ, ಅದರ ಮೇಲೆ ಅಚ್ಚು, ಅದರ ಮೇಲೆ ಸ್ಕ್ರೀನ್ ಇಡಿ. ಸ್ಕ್ರೀನಿನ ಅಂಚಿಗೆ ಅಂಟುಪಟ್ಟಿ ಹಚ್ಚಿರಬೇಕು, ಇಲ್ಲವಾದರೆ ಬದಿಯಿಂದ ಬಣ್ಣ ಸೋರುತ್ತದೆ.

3. ಸ್ಕ್ರೀನ್ ಕಾಗದಕ್ಕೆ ಪೂರ್ತಿ ಅಂಟಿ ಕುಳಿತಿರಬಾರದು. ಫ್ರೇಮಿನ ನಾಲ್ಕೂ ಮೂಲೆಗೆ ಒಂದರ ಮೇಲೊಂದು ಎರಡು ನಾಣ್ಯ ಅಂಟಿಸಿ. ಸುಮಾರು 3 ಮಿ.ಮೀ. ಎತ್ತರ ಸಿಗುತ್ತದೆ. ರಬ್ಬರ್ ಒತ್ತಿದ ಕಡೆ ಮಾತ್ರ ಮೆಶ್ ಕಾಗದ ಮುಟ್ಟಿ, ರಬ್ಬರ್ ಮುಂದೆ ಹೋದ ಕೂಡಲೇ ಮೇಲೆದ್ದರೆ ಅಂಚು ಚೂಪಾಗಿ ಬರುತ್ತದೆ.

4. ಮೇಲಂಚಿನಲ್ಲಿ ಉದ್ದಕ್ಕೆ ಬಣ್ಣ ಸುರಿದು, ಸ್ಕ್ವೀಜಿಯನ್ನು ಸ್ವಲ್ಪ ಬಾಗಿಸಿ ಹಿಡಿದು, ಒಂದೇ ಒತ್ತಡದಲ್ಲಿ ನಿಮ್ಮ ಕಡೆಗೆ ಎಳೆಯಿರಿ. ಅಂಟುಬಣ್ಣಕ್ಕೆ ಅಚ್ಚಿನ ಹಾಳೆ ತಾನಾಗಿಯೇ ಮೆಶ್‌ಗೆ ಹಿಡಿದುಕೊಳ್ಳುತ್ತದೆ.

5. ಸ್ಕ್ರೀನ್ ಎತ್ತಿ, ಕಾಗದ ತೆಗೆದು ಒಣಗಲು ಇಡಿ. ಮುಂದಿನ ಕಾಗದ ಇಡುವ ಮೊದಲು, ಸ್ಕ್ರೀನ್ ಎತ್ತಿಯೇ ಇದ್ದಾಗ, ಮೆಲ್ಲಗೆ ಒಮ್ಮೆ ಬಣ್ಣ ಹರಡಿ ಬಿಡಿ. ಜಾಳಿಗೆಯಲ್ಲಿ ಹಸಿ ಬಣ್ಣ ತುಂಬಿದ್ದರೆ ತೂತು ಒಣಗಿ ಕಟ್ಟಿಕೊಳ್ಳುವುದಿಲ್ಲ.

ಒಂದು ಬಟರ್ ಪೇಪರ್ ಅಚ್ಚಿನಿಂದ ನನಗೆ 25ರಷ್ಟು ಒಳ್ಳೆಯ ಪ್ರತಿಗಳು ಬಂದವು. ಆಮೇಲೆ ಹಾಳೆ ನೆನೆದು ಮುದುರಿತು. ನಮ್ಮ ಕಡೆಯ ಬಿಸಿಲಿಗೆ ಬಣ್ಣ ಬೇಗ ಒಣಗುತ್ತದೆ. ಆದ್ದರಿಂದ ಬೆಳಗ್ಗೆ ಎದ್ದು ಮಾಡುವುದು ಒಳ್ಳೆಯದು. ಫ್ಯಾನ್ ಹಚ್ಚಬೇಡಿ. ಬಣ್ಣಕ್ಕೆ ಕೆಲವು ಹನಿ ಗ್ಲಿಸರಿನ್ ಸೇರಿಸಿದರೆ ಸ್ವಲ್ಪ ತಡವಾಗಿ ಒಣಗುತ್ತದೆ. ಕೆಲಸ ಮುಗಿದ ಕೂಡಲೇ ಸ್ಕ್ರೀನ್ ತೊಳೆಯಬೇಕು. ಊಟ ಮಾಡಿ ಬಂದು ತೊಳೆಯುತ್ತೇನೆ ಎಂದರೆ ಆ ಮೆಶ್ ಹೋಯಿತು ಎಂದೇ ತಿಳಿಯಿರಿ.

ಎರಡನೇ ಪಾಠ: ಬೆಳಕಿನಿಂದ ಅಚ್ಚು

ಕಾರ್ಡಿನ ಅಕ್ಷರಗಳಿಗೆ ಕತ್ತರಿ ನಡೆಯುವುದಿಲ್ಲ. ಅದಕ್ಕೆ ಎಮಲ್ಶನ್ ಬೇಕು. ಇದು ಬೆಳಕು ತಾಗಿದರೆ ಗಟ್ಟಿಯಾಗುವ ಅಂಟು. ಕತ್ತಲೆ ಕೋಣೆಯಲ್ಲಿ ಇದನ್ನು ಮೆಶ್‌ಗೆ ತೆಳುವಾಗಿ ಸವರಿ ಒಣಗಿಸಬೇಕು. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪಾಗಿ ಮುದ್ರಿಸಿದ ಅಕ್ಷರಗಳನ್ನು (ಇದಕ್ಕೆ ಪಾಸಿಟಿವ್ ಎನ್ನುತ್ತಾರೆ) ಸ್ಕ್ರೀನಿನ ತಳಭಾಗಕ್ಕೆ ಇಟ್ಟು, ಮೇಲೆ ಗಾಜು ಒತ್ತಿ, ಬಿಸಿಲಿಗೆ ಹಿಡಿಯಬೇಕು. ಸ್ಕ್ರೀನಿನ ಹಿಂದೆ ಕಪ್ಪು ಬಟ್ಟೆ ಸುತ್ತಿದ ದಿಂಬು ಇರಲಿ. ಬೆಳಕು ಬಿದ್ದ ಕಡೆ ಎಮಲ್ಶನ್ ಗಟ್ಟಿಯಾಗುತ್ತದೆ. ಅಕ್ಷರದ ಕಪ್ಪು ಬೆಳಕನ್ನು ತಡೆದ ಕಡೆ ಮೆತ್ತಗೇ ಉಳಿದು, ನೀರು ಹಾಕಿದಾಗ ತೊಳೆದು ಹೋಗುತ್ತದೆ. ಆ ತೂತಿನಿಂದಲೇ ಬಣ್ಣ ಇಳಿಯುವುದು.

ನಮ್ಮ ಮಾಳಿಗೆಯ ಮೇಲೆ ಬೆಳಗ್ಗೆ 9 ಗಂಟೆಯ ಬಿಸಿಲಿಗೆ ಎರಡೂವರೆ ನಿಮಿಷ ಸರಿಹೋಯಿತು. ನಿಮ್ಮ ಎಮಲ್ಶನ್, ನಿಮ್ಮ ಬಿಸಿಲು ಬೇರೆ ಇರುತ್ತದೆ. ಮೊದಲು ಸಣ್ಣ ಪಟ್ಟಿಯಲ್ಲಿ ಒಂದು, ಎರಡು, ಮೂರು, ನಾಲ್ಕು ನಿಮಿಷ ಹಿಡಿದು ಪರೀಕ್ಷಿಸಿ. ಅಕ್ಷರ ನೇರವಾಗಿ ಬರುತ್ತದೋ ಕನ್ನಡಿಯಲ್ಲಿ ಕಂಡಂತೆ ಬರುತ್ತದೋ ಎಂಬ ಗೊಂದಲಕ್ಕೆ ಮಾಮು ಒಂದು ಸುಲಭ ಸೂತ್ರ ಕೊಟ್ಟರು. ರಬ್ಬರ್ ಎಳೆಯುವ ಕಡೆಯಿಂದ ನೋಡಿದಾಗ ಅಕ್ಷರ ಸರಿಯಾಗಿ ಓದಲು ಬರಬೇಕು.

ಒಂದು ಎಚ್ಚರಿಕೆ. ಹಳೆಯ ಅಂಗಡಿಗಳಲ್ಲಿ ಎಮಲ್ಶನ್‌ಗೆ ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ರಾಸಾಯನಿಕ ಬೆರೆಸುತ್ತಾರೆ. ಅದು ವಿಷ. ಚರ್ಮಕ್ಕೆ, ಶ್ವಾಸಕ್ಕೆ ಹಾನಿ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಮಾಮುವಿನ ಬೆರಳುಗಳು ಚಳಿಗಾಲದಲ್ಲಿ ಇವತ್ತಿಗೂ ಬಿರಿಯುತ್ತವೆ. ಮನೆಯಲ್ಲಿ ಅದನ್ನು ತರಲೇಬೇಡಿ. ಬೈಕ್ರೋಮೇಟ್ ಇಲ್ಲದ ಡಯಜೊ ಎಮಲ್ಶನ್ ಕೇಳಿ ತನ್ನಿ, ಕೈಗವಸು ಹಾಕಿಕೊಳ್ಳಿ, ದೊಡ್ಡವರೊಬ್ಬರು ಜೊತೆಗಿರಲಿ.

ಚುಕ್ಕೆ ಬಿದ್ದದ್ದು

ನಮ್ಮ ಕಾರ್ಡಿನಲ್ಲಿ ಬಲಕ್ಕೆ ಉರ್ದು, ಎಡಕ್ಕೆ ಕನ್ನಡ. ಅಬ್ಬಾನ ಗಿರಣಿಯವರಿಗೆ, ನೆರೆಹೊರೆಯವರಿಗೆ ಕನ್ನಡ ಬೇಕಲ್ಲ. ಬಣ್ಣ ಒಂದೇ, ಕಡು ಹಸಿರು. ನಾನು ಎಳೆಯುವುದು, ತಮ್ಮ ಕಾರ್ಡು ತೆಗೆದು ಹಗ್ಗಕ್ಕೆ ಕ್ಲಿಪ್ ಹಾಕುವುದು. ಮೊದಲ ಪ್ರತಿಯನ್ನು ಎಲ್ಲರೂ ನೋಡಿದರು. ಅಮ್ಮಿ “ಮಾಷಾಅಲ್ಲಾಹ್” ಎಂದರು. ಅಬ್ಬಾ ತಾರೀಖು, ವಾರ, ಫಂಕ್ಷನ್ ಹಾಲಿನ ಹೆಸರು ನೋಡಿದರು. ನಾನು ಕನ್ನಡ ಭಾಗವನ್ನು ಎರಡು ಸಲ ಓದಿದೆ. ‘ದ’ಕಾರದ ಹೊಟ್ಟೆಯಲ್ಲಿ ಬಣ್ಣ ಸೇರಿದರೆ ‘ಥ’ ಆಗಿಬಿಡುತ್ತದೆ, ಸೊನ್ನೆ ತುಂಬಿದರೆ ಕರಿ ಬೊಟ್ಟಾಗುತ್ತದೆ ಎಂದು ಮಾಮು ಹೇಳಿದ್ದರಿಂದ ಅದನ್ನೇ ಹುಡುಕಿದೆ. ಎಲ್ಲ ಸರಿ ಇತ್ತು. ಎಳೆಯುತ್ತಾ ಹೋದೆ.

ಮಧ್ಯಾಹ್ನ ದಾದಿ ಮಾಳಿಗೆಗೆ ಬಂದರು. ಅವರು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಮಾತ್ರ ಓದಿದವರು. ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದುವುದು ಅವರ ರೂಢಿ. ಕೊನೆಯ ಸಾಲಿಗೆ ಬಂದು ನಿಂತರು. ಕಾರ್ಡನ್ನು ಕಣ್ಣಿನ ಹತ್ತಿರ ತಂದರು. “ಇದೇನು ಬೇಟಿ, ದಗಾ ಅಂತ ಬರೆದಿದ್ದೀರಿ?” ಎಂದರು.

ಕಾರ್ಡಿನ ಕೊನೆಗೆ ‘ತಾಲಿಬ್-ಎ-ದುಆ’ ಎಂದು ಹಾಕಿ ಕೆಳಗೆ ಮನೆಯವರ ಹೆಸರು ಕೊಡುವುದು ವಾಡಿಕೆ. ‘ನಿಮ್ಮ ಪ್ರಾರ್ಥನೆ ಬೇಡುವವರು’ ಎಂದು ಅರ್ಥ. ಉರ್ದುವಿನಲ್ಲಿ ದುಆ ಎಂದರೆ ದಾಲ್, ಐನ್, ಅಲಿಫ್ ಮೂರು ಅಕ್ಷರ. ಐನ್ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ಗೈನ್ ಆಗುತ್ತದೆ. ಆಗ ದುಆ ಹೋಗಿ ದಗಾ ಆಯಿತು. ದಗಾ ಎಂದರೇನು ಎಂದು ಕನ್ನಡದವರಿಗೂ ಬಿಡಿಸಿ ಹೇಳಬೇಕಿಲ್ಲ. ಅಬ್ಬಾ, ಅಮ್ಮಿಯ ಹೆಸರಿನ ಮೇಲೆ ‘ಮೋಸ ಬೇಡುವವರು’ ಎಂದು ಬರೆದ ಕಾರ್ಡನ್ನು ನಾನು 64 ಸಲ ಮುದ್ರಿಸಿದ್ದೆ.

ಚುಕ್ಕೆ ಎಲ್ಲಿಂದ ಬಂತು? ಗಂಗಾವತಿಯ ಮಾಳಿಗೆಗಳ ಮೇಲೆ ಭತ್ತದ ಹೊಟ್ಟು ಸುಟ್ಟ ಕರಿ ಬೂದಿ ಹಾರಿಬರುವುದು ನಮಗೆಲ್ಲ ಗೊತ್ತು. ಒಣ ಹಾಕಿದ ಬಿಳಿ ಬಟ್ಟೆ ನೋಡಿದರೆ ತಿಳಿಯುತ್ತದೆ. ಬಿಸಿಲಿಗೆ ಹಿಡಿದಾಗ ಅಂಥದೊಂದು ಕಣ ಗಾಜಿನ ಕೆಳಗೆ ಕುಳಿತಿರಬೇಕು. ಕರಿ ಕಣವೂ ಅಕ್ಷರದ ಕಪ್ಪಿನಂತೆಯೇ ಬೆಳಕನ್ನು ತಡೆಯುತ್ತದೆ. ಅಲ್ಲಿ ಎಮಲ್ಶನ್ ಗಟ್ಟಿಯಾಗದೆ ಸೂಜಿಮೊನೆಯಷ್ಟು ತೂತು ಬಿತ್ತು. ಬೇರೆ ಕಡೆ ಬಿದ್ದಿದ್ದರೆ ಕೊಳೆ ಎಂದು ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ಅದು ಸರಿಯಾಗಿ ಐನ್ ತಲೆಯ ಮೇಲೇ ಬಿದ್ದಿತ್ತು.

ನಾನು ಅತ್ತೆ. ಆಪಾ ಮಾತ್ರ ನಗುತ್ತಿದ್ದಳು. ಮಾಮುವಿಗೆ ಫೋನ್ ಮಾಡಿದರೆ ಅವರು ಬೈಯಲಿಲ್ಲ. “ತೊಳೆದ ಮೇಲೆ ಸ್ಕ್ರೀನನ್ನು ಆಕಾಶಕ್ಕೆ ಹಿಡಿದು ನೋಡಿದೆಯಾ?” ಎಂದು ಕೇಳಿದರು. ನೋಡಿರಲಿಲ್ಲ. ಪ್ರತಿ ಸ್ಕ್ರೀನನ್ನೂ ಒಣಗಿದ ಮೇಲೆ ಬೆಳಕಿಗೆ ಎತ್ತಿ ಹಿಡಿಯಬೇಕು. ಬೇಡದ ಕಡೆ ನಕ್ಷತ್ರದಂತೆ ಮಿನುಗುವ ತೂತುಗಳಿಗೆ ಸಣ್ಣ ಕುಂಚದಿಂದ ಎಮಲ್ಶನ್ ಹಚ್ಚಿ ಮತ್ತೆ ಬಿಸಿಲಿಗೆ ಇಡಬೇಕು. ಈ ಕೆಲಸಕ್ಕೆ ಬೇಕಾದದ್ದು ಅರ್ಧ ಗಂಟೆ.

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ತಾಳೆಪಟ್ಟಿಯ ಬಗ್ಗೆ ಓದುತ್ತೇವೆ. ಎರಡೂ ಬದಿ ಸಮ ಬಂದರೂ ಕೆಲವು ತಪ್ಪುಗಳು ಒಳಗೇ ಉಳಿದಿರುತ್ತವೆ ಎಂದು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಅಂದು. ನಾವೆಲ್ಲ ಕಾರ್ಡನ್ನು ನೋಡಿದ್ದೆವು, ದಾದಿ ಓದಿದರು. ಮಾಡಿದವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ಮೊದಲ ಪ್ರತಿಯನ್ನು ಆ ಕೆಲಸದಲ್ಲಿ ಇಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಬೇಗ ಓದುವವರಿಗಿಂತ ನಿಧಾನ ಓದುವವರಾದರೆ ಇನ್ನೂ ಒಳ್ಳೆಯದು.

ನಮ್ಮ ಹತ್ತಿರದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಸ್ಥಾಪನೆಯಾದ ಈ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಬಿಳಿ ಪಟ್ಟಿಯ ಮೇಲೆ 24 ಕಡ್ಡಿಗಳ ಅಶೋಕ ಚಕ್ರವನ್ನು ಅಲ್ಲಿ ಸ್ಕ್ರೀನ್ ಪ್ರಿಂಟ್‌ನಿಂದಲೇ ಹಾಕುತ್ತಾರೆ. ಚಕ್ರ ಎರಡೂ ಬದಿಗೆ ಪೂರ್ತಿ ಕಾಣಬೇಕು ಎಂಬುದು ಧ್ವಜ ಸಂಹಿತೆಯ ನಿಯಮ. ಹಾಗಾಗಿ ಎರಡು ಬದಿಯ ಮುದ್ರಣ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ಸರಿದರೂ 24 ಕಡ್ಡಿಗಳು 48ರಂತೆ ಕಾಣುತ್ತವೆ. ಬಟ್ಟೆಯ ಅಳತೆ, ಬಣ್ಣ, ಹೊಲಿಗೆ ಎಲ್ಲವೂ ಭಾರತೀಯ ಮಾನಕ ಬ್ಯೂರೋ ಹೇಳಿದ ಪ್ರಮಾಣದಂತೆ ಇರಬೇಕು. ಅವರ ಮುಂದೆ ನಮ್ಮದು ಮಕ್ಕಳಾಟ, ಆದರೆ ನಿಯಮ ಒಂದೇ.

ಮನೆಯಲ್ಲಿ ಎರಡು ಬಣ್ಣ ಹಾಕುವವರು ಮೇಜಿನ ಮೇಲೆ ಮೂರು ರಟ್ಟಿನ ತುಂಡು ಅಂಟಿಸಿಕೊಳ್ಳಿ. ಕಾಗದದ ಉದ್ದ ಅಂಚಿಗೆ ಎರಡು, ಗಿಡ್ಡ ಅಂಚಿಗೆ ಒಂದು. ಪ್ರತಿ ಕಾಗದವನ್ನೂ ಈ ಮೂರಕ್ಕೆ ತಾಗಿಸಿ ಇಟ್ಟರೆ, ಫ್ರೇಮನ್ನು ಮೇಜಿಗೆ ಬಾಗಿಲಿನ ತಿರುಗಣಿಯಿಂದ ಕೂಡಿಸಿದ್ದರೆ, ಎರಡನೇ ಬಣ್ಣ ಮೊದಲನೆಯದರ ಜಾಗಕ್ಕೇ ಬಂದು ಕೂರುತ್ತದೆ.

ಮೂರನೇ ಪಾಠ: ಕೆಟ್ಟ ಕಾರ್ಡಿನಿಂದ ಕಾಗದದ ಕಲೆ

64 ಕಾರ್ಡುಗಳನ್ನು ಕಸಕ್ಕೆ ಹಾಕುವಂತಿರಲಿಲ್ಲ. ಮೇಲೆ ಬಿಸ್ಮಿಲ್ಲಾಹ್ ಇತ್ತು. ದಾದಿ ಕತ್ತರಿ ತೆಗೆದುಕೊಂಡು ಕೂತು, ಪ್ರತಿ ಕಾರ್ಡಿನ ಮೇಲ್ಭಾಗವನ್ನು ಜೋಪಾನವಾಗಿ ಕತ್ತರಿಸಿ ಒಂದು ಬಟ್ಟೆಯಲ್ಲಿ ಕಟ್ಟಿದರು. ಅಬ್ಬಾ ಅದನ್ನು ಹಳೆಯ ಪವಿತ್ರ ಹಾಳೆಗಳನ್ನು ಇಡುವ ಮಸೀದಿಯ ಪೆಟ್ಟಿಗೆಗೆ ಕೊಟ್ಟು ಬಂದರು. ಉಳಿದ ಕೆಳಭಾಗ ನನ್ನ ಪಾಲಿಗೆ ಬಂತು. ಅದನ್ನು ಏನು ಮಾಡುವುದು ಎಂದು ಯೋಚಿಸುವಾಗ ನೆನಪಾದದ್ದು ಕಿನ್ನಾಳ.

ಕಿನ್ನಾಳ ಕೊಪ್ಪಳ ತಾಲೂಕಿನ ಊರು. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೊರಗಿನಿಂದ ಬಣ್ಣದ ಗೊಂಬೆ, ಒಳಗೆ ಹಲವು ಪದರ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಹಳೆಯ ಸೆಣಬಿನ ಬಟ್ಟೆಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿಮಾಡಿ, ಅದೇ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಂಡುಗಳು. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಕೊನೆಗೆ ಬಣ್ಣ. ಚಿಂದಿ, ಬೀಜ, ಕಲ್ಲು, ಮರ ಸೇರಿ ಒಂದು ಕಲೆ. ಇವತ್ತು ಕಲಾಶಾಲೆಗಳಲ್ಲಿ ‘ಮಿಕ್ಸೆಡ್ ಮೀಡಿಯಾ’ ಎನ್ನುವುದೂ ಇದನ್ನೇ, ಹಲವು ಸಾಮಗ್ರಿಗಳನ್ನು ಒಂದೇ ಕೃತಿಯಲ್ಲಿ ಕೂಡಿಸುವುದು. ನಮ್ಮ ಜಿಲ್ಲೆಯಲ್ಲಿ ಅದು ಮೊದಲಿನಿಂದಲೂ ಇದೆ.

ನಾನು ಮಾಡಿದ ಕ್ರಮ ಹೀಗಿದೆ:

1. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕುದಿಸಿದೆ. ಎರಡು ದಿನದೊಳಗೆ ಬಳಸಬೇಕು, ಇಲ್ಲವಾದರೆ ಬೂಸು ಬರುತ್ತದೆ.

2. ದಪ್ಪ ರಟ್ಟಿನ ಎರಡೂ ಬದಿಗೆ ಹಳೆಯ ಪತ್ರಿಕೆಯ ಕಾಗದ ಅಂಟಿಸಿದೆ. ಒಂದೇ ಬದಿಗೆ ಅಂಟಿಸಿದರೆ ಒಣಗುವಾಗ ರಟ್ಟು ಬಾಗುತ್ತದೆ.

3. ಕೆಟ್ಟ ಕಾರ್ಡುಗಳನ್ನು ಕೈಯಿಂದ ಹರಿದು ಒಂದರ ಮೇಲೊಂದು ಅಂಟಿಸಿದೆ. ಕತ್ತರಿಸಿದ ಅಂಚಿಗಿಂತ ಹರಿದ ಅಂಚು ಮೆತ್ತಗೆ ಕೂಡಿಕೊಳ್ಳುತ್ತದೆ. ನಡುನಡುವೆ ಅಬ್ಬಾ ತಂದುಕೊಟ್ಟ ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳು, ಆಪಾಳ ಮದುವೆ ಜೋಡಿನ ಬಟ್ಟೆ ಹೊಲಿದಾಗ ಉಳಿದ ಚೂರುಗಳು.

4. ಅಂಚಿನಲ್ಲಿ ಅಂಟು ಸವರಿ ಭತ್ತದ ಹೊಟ್ಟು ಉದುರಿಸಿದೆ. ಒಂದು ಬದಿಗೆ ಬಾಳೆನಾರಿನ ಎಳೆ. ನಮ್ಮ ತಾಲೂಕಿನ ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ ಮಾಡುವುದನ್ನು ನೀವು ಕಂಡಿರಬಹುದು. ಒರಟು ಸಾಮಗ್ರಿಯನ್ನೆಲ್ಲ ಅಂಚಿಗೇ ಇಡಿ. ನಡುವೆ ಉಬ್ಬುತಗ್ಗು ಇದ್ದರೆ ಸ್ಕ್ರೀನ್ ಸಮನಾಗಿ ಕೂರುವುದಿಲ್ಲ, ಮೆಶ್ ಹರಿಯಲೂಬಹುದು.

5. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರದ ಹಲಗೆ, ಅದರ ಮೇಲೆ ಒರಳುಗುಂಡು ಇಟ್ಟು ಎರಡು ದಿನ ಬಿಟ್ಟೆ. ಪೂರ್ತಿ ಒಣಗಿದ ಮೇಲೆ ಕಡು ಹಸಿರಿನಲ್ಲಿ ಎಂಟು ಮೂಲೆಯ ನಕ್ಷತ್ರ, ಅದರ ನಡುವೆ ತಿದ್ದಿದ ಸ್ಕ್ರೀನಿನಿಂದ ‘ದುಆ’ ಎಂಬ ಒಂದೇ ಪದ ಮುದ್ರಿಸಿದೆ. ಉಳಿದ ಸಾಲುಗಳನ್ನು ಅಂಟುಪಟ್ಟಿಯಿಂದ ಮುಚ್ಚಿಕೊಂಡಿದ್ದೆ.

ಮುದ್ರಿಸುವ ಮೊದಲು ದಾದಿಯನ್ನು ಕರೆದೆ. ಅವರು ಸ್ಕ್ರೀನನ್ನು ಆಕಾಶಕ್ಕೆ ಹಿಡಿಸಿ ನೋಡಿ, ಆಮೇಲೆ “ಹೂಂ” ಎಂದರು.

ಲೆಕ್ಕ

ವಾಣಿಜ್ಯ ವಿದ್ಯಾರ್ಥಿನಿ ಬರೆದ ಪಾಠದಲ್ಲಿ ಲೆಕ್ಕ ಇಲ್ಲದಿದ್ದರೆ ನಮ್ಮ ಸರ್ ಒಪ್ಪುವುದಿಲ್ಲ. ಇದು ನಮ್ಮ ಮನೆಯ ಖರ್ಚು. ಫ್ರೇಮ್ ಮತ್ತು ಸ್ಕ್ವೀಜಿ ಮಾಮುವಿನದು.

ಹೊಸ ಮೆಶ್ 180 ರೂ.
ಎಮಲ್ಶನ್ 250 ರೂ.
ಪಾಸಿಟಿವ್ 60 ರೂ.
ಬಣ್ಣ 240 ರೂ.
ಕಾರ್ಡು ಹಾಳೆ 330, ತಲಾ 4 ರೂ.ನಂತೆ 1,320 ರೂ.
ಲಕೋಟೆ 300, ತಲಾ ಒಂದೂವರೆ ರೂ.ನಂತೆ 450 ರೂ.
ಒಟ್ಟು 2,500 ರೂ.

ಅಂದರೆ ಒಂದು ಕಾರ್ಡಿಗೆ 8 ರೂ. 33 ಪೈಸೆ. ಅಂಗಡಿಯ 4,200 ರೂ. ಎದುರು 1,700 ರೂ. ಉಳಿತಾಯ ಎಂದು ನಾನು ಮೊದಲೇ ಅಬ್ಬಾನಿಗೆ ಬರೆದು ತೋರಿಸಿದ್ದೆ.

ನಡೆದದ್ದು ಬೇರೆ. ಬಣ್ಣ ಹರಡಿ, ಬೆರಳಚ್ಚು ಬಿದ್ದು ಕೆಟ್ಟದ್ದು 18. ಇದು ಸಹಜ ನಷ್ಟ, ಎಷ್ಟು ಎಚ್ಚರ ವಹಿಸಿದರೂ ಆಗುವಂಥದ್ದು. ಅದಕ್ಕೆಂದೇ 30 ಹಾಳೆ ಹೆಚ್ಚು ತಂದಿದ್ದೆ. ಚುಕ್ಕೆಯಿಂದ ಕೆಟ್ಟ 64 ಅಸಹಜ ನಷ್ಟ, ಎಚ್ಚರದಿಂದ ಇದ್ದಿದ್ದರೆ ಆಗುತ್ತಿರಲಿಲ್ಲ. ಅದರ ಕಾಗದದ ಬೆಲೆಯೇ 256 ರೂ. 52 ಕಾರ್ಡು ಕಡಿಮೆ ಬಿದ್ದದ್ದರಿಂದ ಇನ್ನೂ 60 ಹಾಳೆ ತಂದೆವು, 240 ರೂ. ಈಗ ಒಟ್ಟು 2,740 ರೂ., ಒಂದು ಕಾರ್ಡಿಗೆ 9 ರೂ. 13 ಪೈಸೆ.

ಇಷ್ಟಕ್ಕೇ ನಿಲ್ಲಿಸಿದ್ದೆ. ಸರ್ ನನ್ನ ಲೆಕ್ಕ ನೋಡಿ, “ನಿಮ್ಮ ಕೂಲಿ ಎಲ್ಲಿ?” ಎಂದರು. ನಾನು, ತಮ್ಮ ಇಬ್ಬರದೂ ಸೇರಿ 14 ಗಂಟೆ. ಗಂಟೆಗೆ 50 ರೂ. ಹಿಡಿದರೂ 700 ರೂ. ಒಟ್ಟು 3,440 ರೂ., ಒಂದು ಕಾರ್ಡಿಗೆ 11 ರೂ. 47 ಪೈಸೆ. ನಿಜವಾದ ಉಳಿತಾಯ 760 ರೂ. ಮಾತ್ರ.

ಈ ಲೆಕ್ಕವನ್ನು ಮಾಮುವಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. 20 ವರ್ಷದಲ್ಲಿ ಒಮ್ಮೆಯೂ ಅವರು ತಮ್ಮ ಕೂಲಿಯನ್ನು ಬೆಲೆಯಲ್ಲಿ ಸೇರಿಸಿರಲಿಲ್ಲವಂತೆ. ಕಾಗದ, ಬಣ್ಣದ ಖರ್ಚು ಕಳೆದು ಉಳಿದದ್ದೇ ಲಾಭ ಎಂದು ತಿಳಿದಿದ್ದರು. ಎದುರಿನ ಅಂಗಡಿಯವರು ಒಂದು ರೂಪಾಯಿ ಇಳಿಸಿದರೆ ಇವರೂ ಇಳಿಸುತ್ತಿದ್ದರು. ಅಂಗಡಿ ಮುಚ್ಚಲು ವಾಟ್ಸಾಪ್ ಒಂದೇ ಕಾರಣವಾಗಿರಲಿಲ್ಲ ಎಂದು ನನಗೆ ಅನ್ನಿಸಿತು. ಅವರಿಗೆ ಹೇಳಲು ಬಾಯಿ ಬರಲಿಲ್ಲ. ಅವರಿಗೂ ಅದು ಗೊತ್ತಾಗಿತ್ತು ಅನ್ನಿಸುತ್ತದೆ.

ಮದುವೆಗೆ ಬಂದವರು ಕಾರ್ಡು ನೋಡಿ ಎರಡು ಮನೆಯವರು ನೂರು ನೂರು ಕಾರ್ಡು ಮಾಡಿಕೊಡಲು ಕೇಳಿದ್ದಾರೆ. ಮಾಮು ರವಿವಾರ ಬಂದು ನಮ್ಮ ಮಾಳಿಗೆಯ ಮೇಲೆ ಮಾಡುತ್ತಾರೆ. ಈ ಸಲ ಬೆಲೆಯನ್ನು ನಾನು ಬರೆದುಕೊಟ್ಟಿದ್ದೇನೆ. ಕೂಲಿ ಮೊದಲ ಸಾಲಿನಲ್ಲಿದೆ.

ನೆನಪಿಡಬೇಕಾದ ಐದು ಮಾತು

1. ಮೊದಲು ಕಾಗದದ ಅಚ್ಚು, ಆಮೇಲೆ ಎಮಲ್ಶನ್.

2. ಗಾಜು, ಪಾಸಿಟಿವ್, ಸ್ಕ್ರೀನ್ ಮೂರನ್ನೂ ಒಣ ಬಟ್ಟೆಯಿಂದ ಒರೆಸಿಯೇ ಬಿಸಿಲಿಗೆ ಹಿಡಿಯಿರಿ.

3. ತೊಳೆದು ಒಣಗಿಸಿದ ಸ್ಕ್ರೀನನ್ನು ಬೆಳಕಿಗೆ ಎತ್ತಿ ನೋಡಿ.

4. ಮೊದಲ ಪ್ರತಿಯನ್ನು ಬೇರೆಯವರಿಂದ ಗಟ್ಟಿಯಾಗಿ ಓದಿಸಿ. ಕಾರ್ಡಿನಲ್ಲಿ ಎಷ್ಟು ಭಾಷೆ ಇದೆಯೋ ಅಷ್ಟು ಓದುಗರು ಬೇಕು.

5. ನಿಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಿರಿ.

ಆಪಾ ಈಗ ಯಲಬುರ್ಗಾದಲ್ಲಿದ್ದಾಳೆ. ನಾನು ಮಾಡಿದ ಚಿತ್ರವನ್ನು ಅವಳ ಅತ್ತೆಮನೆಯ ಗೋಡೆಗೆ ಹಾಕಿದ್ದಾರೆ. ಬಂದವರು ನಕ್ಷತ್ರ ಚೆನ್ನಾಗಿದೆ ಎನ್ನುತ್ತಾರಂತೆ. ಅದರ ಕೆಳಗೆ ಏನಿದೆ ಎಂದು ಆಪಾ ಯಾರಿಗೂ ಹೇಳಿಲ್ಲ.

ಕಲಿಯಬೇಕು ಎನ್ನುವವರು ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕೇಳಿ. ಒಂದು ಹಳೆಯ ಫ್ರೇಮ್ ಕಾಲೇಜಿಗೆ ತರಲು ಮಾಮು ಒಪ್ಪಿದ್ದಾರೆ. ಮುಂದಿನ ಈದ್ ಕಾರ್ಡುಗಳನ್ನು ನಾವೇ ಮಾಡೋಣ. ಈ ಲೇಖನದಲ್ಲಿ ಎಲ್ಲಾದರೂ ಒಂದು ಚುಕ್ಕೆ ಹೆಚ್ಚು ಕಡಿಮೆ ಆಗಿದ್ದರೆ ದಯವಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ.



ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಗಂಗಾವತಿ